ಫೋನಿನ ಆ ತುದಿಯಲ್ಲಿರುವವರು

ಗಾಡಿ ಓಡಿಸುತ್ತಾ ಮೊಬೈಲ್ ನೋಡಿದವನಿಂದ ಒಂದು ಜೀವ ಹೋದರೆ ತಪ್ಪು ಯಾರದು? ಚಾಲಕನದು. ಕಾನೂನಿಗೂ ಇದರಲ್ಲಿ ಅನುಮಾನವಿಲ್ಲ. ಓಡಿಸುವಾಗ ಫೋನನ್ನು ಕೈಯಲ್ಲಿ ಹಿಡಿದು ಬಳಸುವುದನ್ನು ಮೋಟಾರು ವಾಹನ ಕಾಯ್ದೆಯ 184ನೇ ಕಲಮು 2019ರ ತಿದ್ದುಪಡಿಯ ನಂತರ ಅಪಾಯಕಾರಿ ಚಾಲನೆ ಎಂದೇ ಹೆಸರಿಸಿದೆ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ 5 ವರ್ಷದವರೆಗೆ ಸೆರೆವಾಸವಿದೆ. ಹಳೆಯ ದಂಡ ಸಂಹಿತೆಯಲ್ಲಿ ಇದು 2 ವರ್ಷವಿತ್ತು. ಪರಿಹಾರದ ಲೆಕ್ಕ ನ್ಯಾಯಮಂಡಳಿಯದು, ಹಣ ಸಾಮಾನ್ಯವಾಗಿ ವಿಮಾ ಕಂಪನಿಯದು.

ಈ ಇಡೀ ಏರ್ಪಾಟಿನಲ್ಲಿ ಒಬ್ಬರು ಮಾತ್ರ ಕಾಣುವುದಿಲ್ಲ. ಫೋನಿನ ಆ ತುದಿಯಲ್ಲಿದ್ದವರು.

ಅಮೆರಿಕದ ನ್ಯೂಜೆರ್ಸಿಯಲ್ಲಿ ಅವರನ್ನೂ ಕಟಕಟೆಗೆ ತರುವ ಪ್ರಯತ್ನ ನಡೆದಿತ್ತು. ಗೆಳತಿಯೊಂದಿಗೆ ಸಂದೇಶ ವಿನಿಮಯದಲ್ಲಿದ್ದ ಯುವಕನೊಬ್ಬನ ವಾಹನ ಬೈಕಿನಲ್ಲಿದ್ದ ದಂಪತಿಗೆ ಗುದ್ದಿ, ಇಬ್ಬರೂ ಒಂದೊಂದು ಕಾಲು ಕಳೆದುಕೊಂಡರು. 2013ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿದ್ದಿಷ್ಟು: ಪಡೆಯುವವನು ವಾಹನ ಓಡಿಸುತ್ತಿದ್ದಾನೆ, ಈಗಲೇ ಓದುತ್ತಾನೆ ಎಂದು ಗೊತ್ತಿದ್ದೂ ಕಳಿಸಿದವರಿಗೆ ಹೊಣೆ ಇರಬಹುದು. ಆದರೆ ಆ ಹುಡುಗಿಗೆ ಹಾಗೆ ಗೊತ್ತಿತ್ತೆಂಬುದಕ್ಕೆ ಸಾಕ್ಷ್ಯವಿರಲಿಲ್ಲ, ಅವಳು ಹೊಣೆಯಾಗಲಿಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಕರೆ ಬಂದರೇನು, ಎತ್ತದಿದ್ದರೆ ಆಗುತ್ತಿತ್ತಲ್ಲ? ಹಾರ್ಟ್ ಮತ್ತು ಆನೊರೆ 1959ರ 'ಕಾಸೇಷನ್ ಇನ್ ದಿ ಲಾ' ಗ್ರಂಥದಲ್ಲಿ ವಿವರಿಸುವ ತತ್ವವೂ ಇದೇ: ನಡುವೆ ಇನ್ನೊಬ್ಬರ ಸ್ವಇಚ್ಛೆಯ ಕ್ರಿಯೆ ಬಂದರೆ ಕಾರಣದ ಸರಪಳಿ ಅಲ್ಲಿಗೆ ತುಂಡಾಗುತ್ತದೆ. ಆದರೆ ಒತ್ತಡದಲ್ಲಿ ಮಾಡಿದ್ದನ್ನು ಅವರೂ ಪೂರ್ಣ ಸ್ವಇಚ್ಛೆ ಎನ್ನುವುದಿಲ್ಲ. ನಾನು ಯೋಚಿಸುವುದು ಇಲ್ಲಿಂದ. ಗೆಳೆಯನ ಕರೆಯನ್ನು ಬಿಟ್ಟುಬಿಡಬಹುದು. ಊಟ ತರುತ್ತಿರುವ ಡೆಲಿವರಿ ಹುಡುಗ ಗ್ರಾಹಕರ ಕರೆಯನ್ನು, ಲಾರಿ ಡ್ರೈವರ್ ಮಾಲೀಕರ ಕರೆಯನ್ನು ಹಾಗೆ ಬಿಡಬಲ್ಲನೇ? ಎತ್ತದಿದ್ದರೆ ದಿನದ ದುಡಿಮೆಗೇ ಕುತ್ತು. ಹಾಗಾಗಿ ಕರೆ ಮಾಡಿದವರ ಪಾಲನ್ನು ಅಳೆಯಲು ಎರಡು ಪ್ರಶ್ನೆ ಬೇಕು: ಅವರಿಗೆ ಏನು ಗೊತ್ತಿತ್ತು? ಎತ್ತದವನ ಮೇಲೆ ಅವರಿಗೆ ಎಷ್ಟು ಅಧಿಕಾರವಿತ್ತು?

ಅವರನ್ನೆಲ್ಲ ಜೈಲಿಗೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಯಾರಿಗೆ ಏನು ಗೊತ್ತಿತ್ತೆಂದು ಸಾಬೀತುಪಡಿಸಲು ಎಲ್ಲರ ಖಾಸಗಿ ಮಾತುಕತೆಯನ್ನೂ ಕೆದಕಬೇಕಾದೀತು. ಚಾಲಕನಿಗೆ ಇದೊಂದು ನೆಪವೂ ಆಗಬಾರದು. ಹಂಚಿದರೆ ಕಡಿಮೆಯಾಗಲು ತಪ್ಪೇನು ಪಿತ್ರಾರ್ಜಿತ ಆಸ್ತಿಯಲ್ಲ. ಅವನದು ಪೂರ್ತಿ ಇದ್ದೇ ಇನ್ನೊಬ್ಬರದೂ ಇರಬಹುದು. ಆದರೆ ಕಾನೂನು ಶಿಕ್ಷಿಸದ್ದೆಲ್ಲ ಸರಿ ಎಂದೇನಿಲ್ಲ.

ಮೊಬೈಲ್ ಬಂದಮೇಲೆ ನಮ್ಮ ಮೊದಲ ಮಾತೇ "ಎಲ್ಲಿದ್ದೀಯ?" ಎಂದಾಗಿದೆ. "ಗಾಡಿ ಓಡಿಸ್ತಿದ್ದೀನಿ" ಎಂಬ ಉತ್ತರ ಬಂದ ಕ್ಷಣಕ್ಕೆ ನಮಗೆ ಗೊತ್ತಿರಲಿಲ್ಲ ಎಂಬ ಸಮಜಾಯಿಷಿ ಮುಗಿಯಿತು. ಆದರೂ "ಒಂದೇ ನಿಮಿಷ" ಎಂದು ಮುಂದುವರಿಸುತ್ತೇವೆ. ಆ ನಿಮಿಷವನ್ನು ಕೇಳುತ್ತಿರುವವರು ನಾವು. ಹಾಗಿದ್ದಮೇಲೆ ಫೋನ್ ಇಡಬೇಕಾದವರೂ ನಾವೇ.