ಆಟಕ್ಕೊಂದು ಕೈ ಕಡಿಮೆ

ಪರದೇಶದಲ್ಲಿರುವ ಮಗನಿಗೋ ಮಗಳಿಗೋ ಫೋನು ಮಾಡಿದಾಗ ನೀವು ಏನನ್ನು ಕೇಳುತ್ತೀರಿ? ಊಟವಾಯಿತೇ, ಚಳಿ ಎಷ್ಟಿದೆ, ಕೆಲಸ ಸಿಕ್ಕಿತೇ, ಭಾನುವಾರ ಪೂಜೆಗೆ ಹೋಗಿದ್ದೆಯಾ – ಇಷ್ಟರಲ್ಲಿ ಮಾತು ಮುಗಿಯುತ್ತದೆ. ಸಂಜೆಯ ಹೊತ್ತು ಯಾರ ಜೊತೆ ಕೂಡುತ್ತೀ ಎಂದು ನಾವು ಕೇಳುವುದಿಲ್ಲ. ಕೇಳಿ, "ಆಟದ ಅಂಗಡಿಗೆ ಹೋಗುತ್ತೇನೆ" ಎಂಬ ಉತ್ತರ ಬಂದರೆ, ಸಾಲ ಮಾಡಿ ಕಳಿಸಿದ್ದು ಇದಕ್ಕೇನು ಎಂದು ಸಿಟ್ಟು ಬರುವುದೂ ಸಹಜವೇ.

ಆ ಅಂಗಡಿ ಎಂಥದೆಂದು ಮೊದಲು ತಿಳಿಯೋಣ. ಅದು ಜೂಜಿನ ಅಡ್ಡೆಯಲ್ಲ. ಗೋಡೆಯುದ್ದಕ್ಕೂ ಮಣೆಯಾಟಗಳ ಪೆಟ್ಟಿಗೆಗಳು, ನಡುವೆ ಮೇಜು ಕುರ್ಚಿಗಳು. ಬಂದವರು ಕುಳಿತು ಆಡಬಹುದು. ಕೆನಡಾದ ಟೊರಾಂಟೊ ನಗರದಲ್ಲಿ 2010ರಲ್ಲಿ 'ಸ್ನೇಕ್ಸ್ ಆ್ಯಂಡ್ ಲಾಟೇಸ್' ಎಂಬ ಇಂತಹ ಒಂದು ಕಾಫಿ ಅಂಗಡಿ ತೆರೆಯಿತು. ಹೆಸರಿನಲ್ಲಿ ಅಡಗಿರುವುದು ಹಾವು-ಏಣಿಯಾಟ. ಅದು ನಮ್ಮ ದೇಶದಿಂದಲೇ ಅತ್ತ ಹೋದದ್ದು. ಈಗ ಇಂತಹ ಅಂಗಡಿಗಳು ಯೂರೋಪು ಅಮೆರಿಕಗಳ ಅನೇಕ ನಗರಗಳಲ್ಲಿವೆ, ಬೆಂಗಳೂರಿನಲ್ಲಿಯೂ ಇವೆ.

ಅಲ್ಲಿ ಹೆಚ್ಚಾಗಿ ಆಡುವ ಆಟಗಳಲ್ಲಿ 'ಕಟಾನ್' ಒಂದು. ಹಲ್ಲಿನ ಕಟ್ಟುಗಳನ್ನು ತಯಾರಿಸುವ ಕಸುಬಿನಲ್ಲಿದ್ದ ಕ್ಲಾಸ್ ಟಾಯ್ಬರ್ ಎಂಬ ಜರ್ಮನ್ ಗೃಹಸ್ಥರ ರಚನೆಯಾದ ಇದು 1995ರಲ್ಲಿ ಹೊರಬಂತು. ಮೂವರು ಅಥವಾ ನಾಲ್ವರು ಕೂಡಿ ಒಂದು ದ್ವೀಪದಲ್ಲಿ ಊರು ಕಟ್ಟಬೇಕು. ಅದಕ್ಕೆ ಮರ, ಇಟ್ಟಿಗೆ, ಉಣ್ಣೆ, ಗೋಧಿ, ಅದಿರು ಬೇಕು. ಎಲ್ಲವೂ ಒಬ್ಬನ ಕೈಯಲ್ಲಿ ಇರುವುದು ಅಪರೂಪ. "ನಿನ್ನಲ್ಲಿ ಗೋಧಿ ಇದೆಯೇ? ನಾನು ಇಟ್ಟಿಗೆ ಕೊಡುತ್ತೇನೆ" ಎಂದು ಎದುರಾಳಿಯನ್ನೇ ಕೇಳಬೇಕಾಗುತ್ತದೆ. ಹೊಸದಾಗಿ ಆ ನಾಡಿಗೆ ಹೋದವನ ಪಾಡನ್ನು ನೆನೆಯಿರಿ. ಅಲ್ಲಿಯ ಭಾಷೆ ನಾಲಿಗೆಗೆ ಇನ್ನೂ ಹೊರಳುತ್ತಿಲ್ಲ. ಅಪರಿಚಿತರ ಎದುರು ಏನು ಮಾತಾಡಬೇಕೆಂಬುದೇ ತೋಚುವುದಿಲ್ಲ. ಆಟವು ಅವನಿಗೆ ಹತ್ತಿಪ್ಪತ್ತು ವಾಕ್ಯಗಳನ್ನು ಸಿದ್ಧವಾಗಿ ಕೊಡುತ್ತದೆ. ಅಷ್ಟು ಸಾಕು, ಎರಡು ತಾಸು ನಾಲ್ವರ ನಡುವೆ ಕೂಡಬಹುದು.

ಇದು ನಮಗೆ ಹೊಸತೇ? ಗೋವೆಯ ಕದಂಬರ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿಯಿರುವ ನಮ್ಮ ದೇಗಾಂವದಲ್ಲಾಗಲಿ, ಸುತ್ತಲಿನ ಹಳ್ಳಿಗಳಲ್ಲಾಗಲಿ ಚೌಕಾಬಾರಾ ಅರಿಯದ ಹಿರಿಯರು ಯಾರಿದ್ದಾರೆ? ಇಪ್ಪತ್ತೈದು ಮನೆ, ನಾಲ್ಕು ಕವಡೆ, ನಾಲ್ವರು ಆಟಗಾರರು. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಗಿನ ಸುತ್ತಿಗೆ ಹೋಗುವಂತಿಲ್ಲವೆಂಬುದು ಅನೇಕ ಮನೆಗಳ ಕಟ್ಟಳೆ. ಹೊಡೆಯುವವನೂ ಹೊಡೆಸಿಕೊಳ್ಳುವವನೂ ಒಂದೇ ಚಾಪೆಯ ಮೇಲೆ ಕೂತು ಚುರುಮುರಿ ತಿನ್ನುತ್ತಾರೆ.

ಆದರೂ ಒಂದು ವ್ಯತ್ಯಾಸವಿದೆ. ನಮ್ಮ ಕಟ್ಟೆಗೆ ಹೊಸಬನೊಬ್ಬ ಬಂದರೆ ಮೊದಲ ಪ್ರಶ್ನೆ "ಯಾರ ಪೈಕಿ?" ಎಂಬುದು. ಉತ್ತರ ತಿಳಿದ ಮೇಲೆಯೇ ಜಾಗ. ಆ ಅಂಗಡಿಯ ಮೇಜು ಕೇಳುವುದು "ಸರದಿ ಯಾರದು?" ಎಂದು ಮಾತ್ರ. ಮನೆತನದ ಹೆಸರು ಹೇಳಿ ಬೆಳೆದ ನಮ್ಮ ಮಕ್ಕಳಿಗೆ ಇದು ಮೊದಮೊದಲು ಬರಿಗೈಯಾದಂತೆ ತೋರಬಹುದು. ಕೆಲವರಿಗೆ ದೊಡ್ಡ ಬಿಡುಗಡೆಯೂ ಹೌದು.

ಆಟವೆಂದರೆ ಕಾಲಹರಣ ಎನ್ನುವವರಿಗೆ ಒಂದು ಮಾತು. ದೇಹಕ್ಕೆ ದಣಿವಾದಂತೆ ಮನಸ್ಸಿಗೂ ದಣಿವಾಗುತ್ತದೆ, ಅದಕ್ಕೆ ವಿನೋದವೇ ವಿಶ್ರಾಂತಿ ಎಂದು 13ನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ವಾದಿಸಿದರು. ತಾನೂ ನಗದೆ ಇತರರ ನಗುವಿಗೂ ಅಡ್ಡಿಯಾಗುವುದನ್ನು ಅವರು ದೋಷಗಳ ಸಾಲಿಗೇ ಸೇರಿಸಿದ್ದಾರೆ.

ಆದರೆ ಜೊತೆಗೂಡಿ ಆಡುವವರೆಲ್ಲ ಒಂದು ಸಮುದಾಯವಾಗುತ್ತಾರೆಯೇ? ಅಂಗಡಿ ಅಂಗಡಿಯೇ. ಕೂಡಲು ಹಣ ಕೊಡಬೇಕು, ಕಾಫಿಗೂ ಕೊಡಬೇಕು. ಕೆಲಸ ಕಳೆದುಕೊಂಡವನಿಗೆ ಆ ಬಾಗಿಲು ಭಾರವಾಗುತ್ತದೆ. ಜ್ವರ ಬಂದು ಮಲಗಿದರೆ ಗಂಜಿ ತರುವವರು ಆ ನಾಲ್ವರಲ್ಲಿ ಇರುತ್ತಾರೆಂಬ ಭರವಸೆಯೂ ಇಲ್ಲ. ಇದನ್ನೆಲ್ಲ ಒಪ್ಪಿಯೂ ನಾನು ಆ ಮೇಜಿನ ಪರವಾಗಿಯೇ ಇದ್ದೇನೆ. ಇನ್ನೂರು ಜನ ಸೇರುವ ಸಭೆಯಲ್ಲಿ ಒಬ್ಬ ಬಾರದಿದ್ದರೆ ಗೊತ್ತಾಗುವುದಿಲ್ಲ. ನಾಲ್ವರ ಆಟದಲ್ಲಿ ಒಬ್ಬ ಬಾರದಿದ್ದರೆ ಆಟಕ್ಕೆ ಕೈ ಕಡಿಮೆಯಾಗುತ್ತದೆ, ಯಾರೋ ಒಬ್ಬರು ಫೋನು ಮಾಡಿ "ಏಕೆ ಬರಲಿಲ್ಲ?" ಎಂದು ಕೇಳುತ್ತಾರೆ. ಒಂಟಿತನವನ್ನೇ ಒಂದು ಸಮಸ್ಯೆಯೆಂದು ಕಂಡ ಬ್ರಿಟನ್ 2018ರಲ್ಲಿ ಅದಕ್ಕಾಗಿ ಸಚಿವರೊಬ್ಬರನ್ನು ನೇಮಿಸಿತು. ಸಚಿವರು ಆ ಫೋನು ಮಾಡಲಾರರು.

ನಮ್ಮ ಮಕ್ಕಳು ಅಲ್ಲಿ ಪರದೇಶಿಗಳು. ಇಲ್ಲಿ ಪರದೇಶಿಗಳು ಯಾರು? ಕಬ್ಬಿನ ಹಂಗಾಮು ಬಂತೆಂದರೆ ಮಹಾರಾಷ್ಟ್ರದ ಬರಸೀಮೆಯಿಂದ ಕಟಾವಿನ ತಂಡಗಳು ನಮ್ಮ ಜಿಲ್ಲೆಗೆ ಬರುತ್ತವೆ. ಊರ ಹೊರಗೆ ಗುಡಿಸಲು ಹಾಕುತ್ತಾರೆ, ಹಂಗಾಮು ಮುಗಿದೊಡನೆ ಕಿತ್ತುಕೊಂಡು ಹೊರಡುತ್ತಾರೆ. ಅವರೊಡನೆ ನಮ್ಮ ಮಾತು ಟನ್ನಿನ ಲೆಕ್ಕ, ಮುಂಗಡದ ಲೆಕ್ಕ. ಚೌಕಾಬಾರಾ ತೆಲುಗರಲ್ಲಿ ಅಷ್ಟಾಚಮ್ಮಾ, ತಮಿಳರಲ್ಲಿ ತಾಯಂ, ಗುಜರಾತಿನಲ್ಲಿ ಇಸ್ತೋ. ಹೆಸರು ಬದಲಾದರೂ ಕವಡೆ ಉರುಳುವ ರೀತಿ ಒಂದೇ. ಅದನ್ನಾಡಲು ಮರಾಠಿ ಬರಲೇಬೇಕೆಂದಿಲ್ಲ. ಸಂಜೆ ಕತ್ತಿ ಕೆಳಗಿಟ್ಟ ಮೇಲೆ ಅವರಿಗೂ ಒಂದು ತಾಸು ಬಿಡುವಿರುತ್ತದೆ, ನಮ್ಮ ಕಟ್ಟೆಯ ಮೇಲೆ ಜಾಗವೂ ಇರುತ್ತದೆ.