ನೆರೆಗಾಲದ ಉಗ್ರಾಣ ಮತ್ತು ಶ್ರಾವಕನ ವಿವೇಕ

ಶ್ರಾವಕನ ಅಡುಗೆಮನೆಯಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಕಾಲಮರ್ಯಾದೆ ಉಂಟು. ಸೋಸಿದ ನೀರಿಗೆ ಒಂದು ಮುಹೂರ್ತ, ಅಂದರೆ 48 ನಿಮಿಷ. ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ. ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. ಅಂಗಡಿಯ ಕಪಾಟಿನಲ್ಲಾದರೋ ಆರು ತಿಂಗಳು, ಒಂದು ವರ್ಷ ಬಾಳುವ ಆಹಾರದ ಪೊಟ್ಟಣಗಳು ಸಾಲಾಗಿ ನಿಂತಿವೆ. ಮೊದಲನೆಯ ನಿಯಮವನ್ನು ಪಾಲಿಸುವವನು ಎರಡನೆಯದನ್ನು ಸಂಗ್ರಹಿಸಬಹುದೇ? ಸಾಮಾನ್ಯ ದಿನಗಳಲ್ಲಿ ಈ ಪ್ರಶ್ನೆಗೆ ಬೇಡವೆಂಬ ಒಂದೇ ಮಾತು ಸಾಕು. ಹೊಳೆ ಮನೆಯ ಮೆಟ್ಟಿಲೇರಿದ ದಿನ ಆ ಒಂದು ಮಾತು ಸಾಲದು.

ನಮ್ಮ ಸೀಮೆಗೆ ಆ ದಿನ ಅಪರೂಪದ್ದಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಹೊಳೆದಂಡೆಯ ಊರುಗಳು 2005, 2019 ಮತ್ತು 2021ರಲ್ಲಿ ನೆರೆಯನ್ನು ಕಂಡಿವೆ. ಇಲ್ಲಿ ಬಿಸಿಲು ಬಿದ್ದಿರುವಾಗಲೇ ಸಹ್ಯಾದ್ರಿಯ ಮಳೆಯೂ ಕೊಯ್ನಾ ಮೊದಲಾದ ಜಲಾಶಯಗಳ ನೀರೂ ಕೂಡಿ ಕೃಷ್ಣೆ, ದೂಧಗಂಗೆ, ವೇದಗಂಗೆಯರನ್ನು ಉಕ್ಕಿಸುತ್ತವೆ. ಜತ್ರಾಟ-ಭೀವಶಿ, ಕಲ್ಲೋಳ-ಯಡೂರ ಸೇತುವೆಗಳು ಮುಳುಗುತ್ತವೆ. 2021ರ ಜುಲೈನಲ್ಲಿ ಯಮಗರ್ಣಿಯ ಬಳಿ ರಾಷ್ಟ್ರೀಯ ಹೆದ್ದಾರಿಯೇ ನೀರಿನಡಿ ಹೋಗಿ ಸಂಚಾರ ನಿಂತಿತು. ಆಚಾರ್ಯ ಶಾಂತಿಸಾಗರರ ಭೋಜ ಗ್ರಾಮವು ವೇದಗಂಗೆ-ದೂಧಗಂಗೆಯರ ಸಂಗಮದಲ್ಲಿದೆ; ಆಚಾರ್ಯ ವಿದ್ಯಾಸಾಗರರು ಜನಿಸಿದ ಸದಲಗಾ ದೂಧಗಂಗೆಯ ದಡದಲ್ಲಿದೆ. ನೆರೆ ಬರುವ ಕಾಲವೂ ಚಾತುರ್ಮಾಸದ ಕಾಲವೂ ಒಂದೇ. ಬಸದಿಯಲ್ಲಿ ತ್ಯಾಗಿಗಳು ನೆಲೆನಿಂತಿರುತ್ತಾರೆ. ಸುತ್ತಲಿನ ಎಲ್ಲ ಜಾತಿಯ ಜನರೂ ಎತ್ತರದ ಕಟ್ಟಡವನ್ನು ಅರಸಿ ಬರುತ್ತಾರೆ. ಈ ಇಬ್ಬರಿಗೂ ಏನನ್ನು ಉಣಬಡಿಸಬೇಕೆಂಬುದು ಮಂದಿರ ಟ್ರಸ್ಟಿನ ಮುಂದಿರುವ ನಿಜವಾದ ಪ್ರಶ್ನೆ.

ಮೊದಲು ಎರಡು ಅಳತೆಗಳನ್ನು ಬೇರ್ಪಡಿಸಿ ನೋಡೋಣ. ಪೊಟ್ಟಣದ ಮೇಲಿನ ದಿನಾಂಕವು ತಿನ್ನುವವನ ಕ್ಷೇಮವನ್ನು ಅಳೆಯುತ್ತದೆ. ಅದರಲ್ಲಿಯೂ 'ಬೆಸ್ಟ್ ಬಿಫೋರ್' ಎಂಬುದು ರುಚಿ-ಗುಣಗಳ ಅವಧಿ, 'ಎಕ್ಸ್‌ಪೈರಿ' ಎಂಬುದು ತಿನ್ನಲು ಯೋಗ್ಯವಾದ ಅವಧಿ. ಶಾಸ್ತ್ರದ ಕಾಲಮರ್ಯಾದೆಯಾದರೋ ಆಹಾರದಲ್ಲಿ ಹುಟ್ಟುವ ಸೂಕ್ಷ್ಮಜೀವಿಗಳ ಹಿಂಸೆಯನ್ನು ಅಳೆಯುತ್ತದೆ. ತೇವವೇ ಎರಡಕ್ಕೂ ಮೂಲ. ಕಾರ್ಖಾನೆಯು ಬಿಸ್ಕತ್ತನ್ನು ತೇವವಿಲ್ಲದಂತೆ ಒಣಗಿಸಿ ಕಾಪಾಡುತ್ತದೆ. ತೇವವಿರುವ ಅನ್ನ-ಪಲ್ಯಗಳನ್ನು ಗಾಳಿಯಾಡದ ಚೀಲದಲ್ಲಿ ಮುಚ್ಚಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಬೇಯಿಸಿ ಕಾಪಾಡುತ್ತದೆ. ಮೈಸೂರಿನಲ್ಲಿ 1961ರಲ್ಲಿ ಸ್ಥಾಪಿತವಾದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯವು ಸೈನಿಕರಿಗಾಗಿ ಇಂತಹ ಆಹಾರವನ್ನು ರೂಪಿಸಿದೆ. ಅದೇ ನಗರದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು 2018ರ ಕೇರಳದ ನೆರೆಗೆ ಸಿದ್ಧ ಆಹಾರವನ್ನು ಕಳುಹಿಸಿತು. ಈ ವಿದ್ಯೆಯಿಂದ ಅನೇಕರ ಪ್ರಾಣ ಉಳಿದಿದೆ. ಅದನ್ನು ಹೀಗಳೆಯುವುದು ಸಲ್ಲದು. ಆದರೆ ಪೊಟ್ಟಣದೊಳಗಿನ ಹಿಟ್ಟನ್ನು ಯಾವ ದಿನ ಬೀಸಿದರು, ನೀರನ್ನು ಸೋಸಿದರೋ ಇಲ್ಲವೋ ಎಂಬುದು ವ್ರತಿಗೆ ತಿಳಿಯಲಾರದು. ಆದ್ದರಿಂದ ಅದು ಅವನ ಆಹಾರವಾಗಲಾರದು.

ಹಾಗಾದರೆ ವ್ರತಿಗೆ ಉಳಿಯುವುದೇನು? ಇಲ್ಲಿ ನಿಯಮವೇ ದಾರಿ ತೋರುತ್ತದೆ. ಮರ್ಯಾದೆ ಮೂರು ದಿನಕ್ಕೆ ಇಳಿಯುವುದು ಹಿಟ್ಟಿಗೆ. ಒಣಗಿಸಿ ಹಸನು ಮಾಡಿದ ಇಡಿಯ ಕಾಳಿಗಲ್ಲ. ಹಿಟ್ಟನ್ನು ಕೂಡಿಡದೆ ಕಾಳನ್ನು ಕೂಡಿಡಬೇಕು. ಜೊತೆಗೆ ಬೀಸುವ ಕಲ್ಲು, ನೀರು ಸೋಸುವ ದಪ್ಪ ಬಟ್ಟೆ, ಒಲೆ ಮತ್ತು ಇಂಧನವನ್ನು ಎತ್ತರದ ಕೋಣೆಯಲ್ಲಿರಿಸಬೇಕು. ಅಕ್ಕಿ-ಹೆಸರುಬೇಳೆಗಳಿಗೆ ಬೀಸುವ ಅಗತ್ಯವೂ ಇಲ್ಲ. ಅಂತರರಾಷ್ಟ್ರೀಯ ಪರಿಹಾರ ಸಂಸ್ಥೆಗಳು ಒಪ್ಪಿರುವ ಮಾನದಂಡದಂತೆ ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 2,100 ಕ್ಯಾಲೊರಿ ಬೇಕು. 400 ಗ್ರಾಂ ಅಕ್ಕಿ, 100 ಗ್ರಾಂ ಬೇಳೆ, 50 ಗ್ರಾಂ ಬೆಲ್ಲ, 50 ಗ್ರಾಂ ಶೇಂಗಾ, ಇಷ್ಟರಿಂದ ಅದು ಪೂರೈಸುತ್ತದೆ. ಐವರ ಕುಟುಂಬಕ್ಕೆ ಮೂರು ದಿನಗಳಿಗೆ ಒಟ್ಟು 9 ಕಿಲೋ ಮಾತ್ರ. ಕುಡಿಯಲು ಮತ್ತು ಆಹಾರಕ್ಕೆ ತಲೆಗೆ ದಿನಕ್ಕೆ 3 ಲೀಟರ್ ನೀರು ಇರಬೇಕು. ನೆರೆಯ ನೀರನ್ನು ಬರಿದೆ ಸೋಸಿ ಕುಡಿಯಬಾರದು, ಕುದಿಸಲೇಬೇಕು ಎಂಬಲ್ಲಿ ವೈದ್ಯರ ಮಾತೂ ಹಿರಿಯರ ಆಚಾರವೂ ಒಂದಾಗುತ್ತವೆ.

ಒಲೆ ಹಚ್ಚಲಾಗದವರಿಗೆ, ಮಕ್ಕಳಿಗೆ, ವೃದ್ಧರಿಗೆ ಸಿದ್ಧ ಆಹಾರ ಬೇಕೇ ಬೇಕು. ಚುರುಮುರಿ, ಪುಟಾಣಿ, ಅವಲಕ್ಕಿ, ಶೇಂಗಾ ಉಂಡಿ, ಕಟಕ್ ರೊಟ್ಟಿ ನಮ್ಮ ನೆಲದ ಸಿದ್ಧ ಆಹಾರಗಳೇ. 2019ರಲ್ಲಿ ಉತ್ತರ ಕರ್ನಾಟಕದ ಅನೇಕ ಊರುಗಳ ತಾಯಂದಿರು ರೊಟ್ಟಿ-ಚಟ್ನಿಗಳನ್ನು ಕಟ್ಟಿ ನೆರೆಪೀಡಿತರಿಗೆ ಕಳುಹಿಸಿದ್ದನ್ನು ನೆನೆಯಬೇಕು. ಪೊಟ್ಟಣಗಳನ್ನು ಕೊಳ್ಳುವುದಾದರೆ ಹಸಿರು ಚುಕ್ಕೆಯನ್ನು ನೋಡಿ ಕಣ್ಣು ಮುಚ್ಚಬಾರದು. ನಮ್ಮ ದೇಶದ ಕಾನೂನಿನಲ್ಲಿ ಹಸಿರು ಚುಕ್ಕೆಯ ಆಹಾರದಲ್ಲಿ ಜೇನುತುಪ್ಪ ಇರಬಹುದು. ಚಾರಣಿಗರಿಗೆಂದು ಮಾರುವ ಶಕ್ತಿಪಟ್ಟಿಗಳಲ್ಲಿ ಅದು ಸಾಮಾನ್ಯ. ಗಡ್ಡೆ-ಗೆಣಸು, ಈರುಳ್ಳಿ, ಬೆಳ್ಳುಳ್ಳಿಗಳಿಗೂ ಆ ಚುಕ್ಕೆ ಅಡ್ಡಿಯಲ್ಲ. 471, 631ರಂತಹ ಸಂಖ್ಯೆಗಳ ಪದಾರ್ಥಗಳನ್ನು ಸಸ್ಯಮೂಲದಿಂದಲೂ ಪ್ರಾಣಿಮೂಲದಿಂದಲೂ ತಯಾರಿಸಬಹುದು. ಸಂಶಯವಿದ್ದರೆ ಬೇರೊಂದನ್ನು ಆರಿಸಬೇಕು. ಟ್ರಸ್ಟಿನ ಉಗ್ರಾಣದಲ್ಲಿ ಇಂತಹ ವಿವೇಕ ಸಾಧ್ಯ, ಏಕೆಂದರೆ ಅದನ್ನು ತುಂಬುವುದು ಬೇಸಿಗೆಯ ನಿಶ್ಚಿಂತೆಯಲ್ಲಿ.

ಸಂಗ್ರಹವೇ ಪರಿಗ್ರಹವಲ್ಲವೇ ಎಂದು ಕೆಲವರು ಕೇಳಬಹುದು. ವಸ್ತುವಿನ ಮೇಲಿನ ಮೋಹವೇ ಪರಿಗ್ರಹವೆಂಬುದು ಶಾಸ್ತ್ರಕಾರರ ನಿರ್ಣಯ. ಬೆಲೆ ಏರಲೆಂದು ಬಚ್ಚಿಟ್ಟ ಒಂದು ಚೀಲ ಅಕ್ಕಿ ಪರಿಗ್ರಹ. ಹಸಿದವರು ಬರುವರೆಂದು ತೆರೆದಿಟ್ಟ ಹತ್ತು ಚೀಲ ದಾನದ ಪೂರ್ವಸಿದ್ಧತೆ. ಆದರೆ ಕೂಡಿಟ್ಟದ್ದು ಕೊಳೆತು ಹುಳುವಾದರೆ ಹಿಂಸೆಯ ಹೊಣೆ ಕೂಡಿಟ್ಟವನದೇ. ಮೊದಲು ಬಂದ ಸರಕು ಮೊದಲು ಹೋಗಬೇಕೆಂಬುದು ವ್ಯಾಪಾರದ ಮೊದಲ ಪಾಠ. ನೆರೆ ಬಾರದ ವರ್ಷ ಆ ಕಾಳನ್ನು ಕೆಡುವ ಮೊದಲೇ ಬಡವರಿಗೂ ವಿದ್ಯಾರ್ಥಿನಿಲಯಗಳಿಗೂ ಹಂಚಿ, ಹೊಸದನ್ನು ತುಂಬಬೇಕು.

ಇನ್ನು ಕಠಿಣವಾದ ಪ್ರಶ್ನೆ. ಕತ್ತಲಾದ ಮೇಲೆ ದೋಣಿಯೊಂದು ಬಂದು ಹಸಿದ ಮಕ್ಕಳನ್ನು ಬಸದಿಯ ಬಾಗಿಲಿಗೆ ಇಳಿಸಿದರೆ, ರಾತ್ರಿಭೋಜನ ತ್ಯಾಗದ ನಿಯಮವನ್ನು ಹೇಳಿ ಬೆಳಗಿನವರೆಗೆ ಕಾಯಿಸಬೇಕೇ? ಕಾಯಿಸಬಾರದು. ವ್ರತವು ಅದನ್ನು ಸ್ವೀಕರಿಸಿದವನ ಹೊಟ್ಟೆಗೆ ಹಾಕಿಕೊಂಡ ಕಟ್ಟು. ಪರರ ಹೊಟ್ಟೆಗೆ ಕಟ್ಟಲು ತೆಗೆದುಕೊಂಡ ಹಗ್ಗವಲ್ಲ. ಜಿನಸೇನಾಚಾರ್ಯರ ಆದಿಪುರಾಣವು ದತ್ತಿಯನ್ನು ನಾಲ್ಕಾಗಿ ವಿಂಗಡಿಸಿ, ಪಾತ್ರದತ್ತಿಯಿಂದ ದಯಾದತ್ತಿಯನ್ನು ಬೇರೆಯಾಗಿಯೇ ಹೇಳುತ್ತದೆ. ತ್ಯಾಗಿಗೆ ಕೊಡುವಾಗ ವಿಧಿ, ದ್ರವ್ಯ, ದಾತೃ, ಪಾತ್ರ ಎಲ್ಲದರ ಶುದ್ಧಿಯನ್ನು ನೋಡಬೇಕು. ಭೀತನಿಗೆ ಕೊಡುವಾಗ ಅವನ ಭಯವೊಂದನ್ನೇ ನೋಡಬೇಕು. ಪೊಟ್ಟಣದ ನಿಜವಾದ ಉಪಯೋಗವೂ ಇಲ್ಲಿಯೇ: ರಾತ್ರಿ ಒಲೆ ಹೊತ್ತಿಸದೆ ಅದನ್ನು ಕೈಗಿಡಬಹುದು. ಹಾಗೆಂದು ದಯೆಯ ಹೆಸರಿನಲ್ಲಿ ಮಾಂಸಾಹಾರವನ್ನು ಕೊಂಡು ಹಂಚುವುದು ಸಲ್ಲದು; ಒಂದು ಜೀವವನ್ನು ಉಳಿಸಲು ಇನ್ನೊಂದನ್ನು ಕೊಲ್ಲಿಸಬೇಕಾದ ಅಗತ್ಯ, ಕಾಳು-ಬೆಲ್ಲಗಳು ತುಂಬಿದ ಈ ಸೀಮೆಯಲ್ಲಿ, ಎಂದೂ ಬರಲಾರದು. ಗಡ್ಡೆಗಳ ವಿಷಯದಲ್ಲಿಯೂ ನಮ್ಮ ಉಗ್ರಾಣ ನಮ್ಮ ಆಚಾರದಂತಿರಲಿ. ಬೇರೆ ದಾನಿಗಳು ತಂದ ಆಲೂಗಡ್ಡೆಯ ಪಲ್ಯವನ್ನು ಆಶ್ರಯ ಪಡೆದವರು ಉಣ್ಣುವಾಗ ನಾವು ಅಡ್ಡ ಬರುವುದು ಬೇಡ.

ಭಗವಾನ್ ಆದಿನಾಥರು ಆಹಾರಕ್ಕೆ ಹೊರಟಾಗ ಜನರು ಆನೆ, ಕುದುರೆ, ರತ್ನಗಳನ್ನು ತಂದೊಪ್ಪಿಸಿದರೆಂದೂ ಆಹಾರ ಕೊಡುವ ಬಗೆ ಯಾರಿಗೂ ತಿಳಿದಿರಲಿಲ್ಲವೆಂದೂ ಪುರಾಣಪ್ರಸಿದ್ಧವಾಗಿದೆ. ಆ ಜನರಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ, ಔದಾರ್ಯಕ್ಕೂ ಇರಲಿಲ್ಲ. ತೆಗೆದುಕೊಳ್ಳುವವನಿಗೆ ಏನು ಸಲ್ಲುವುದೆಂಬ ತಿಳಿವಳಿಕೆ ಇರಲಿಲ್ಲ. ಹಸ್ತಿನಾಪುರದ ಶ್ರೇಯಾಂಸನು ಅದನ್ನು ಅರಿತು ಕಬ್ಬಿನ ಹಾಲನ್ನು ನೀಡಿದ ದಿನವೇ ಅಕ್ಷಯ ತೃತೀಯ. ಆ ಹಬ್ಬ ವೈಶಾಖದಲ್ಲಿ, ಮುಂಗಾರಿಗೆ ಕೆಲವು ವಾರಗಳ ಮೊದಲು ಬರುತ್ತದೆ. ಕಬ್ಬು-ಬೆಲ್ಲಗಳ ನಾಡಾದ ನಮ್ಮಲ್ಲಿ ಪ್ರತಿಯೊಂದು ಮಂದಿರ ಟ್ರಸ್ಟೂ ಅಂದೇ ನೆರೆಯ ಉಗ್ರಾಣದ ಬಾಗಿಲು ತೆರೆದು, ಹಳೆಯದನ್ನು ಹಂಚಿ, ಹೊಸದನ್ನು ತುಂಬುವ ಪದ್ಧತಿಯನ್ನಿಡಲಿ. ತ್ಯಾಗಿಗೆ ಸಲ್ಲುವ ಕಾಳು ಒಂದು ಕಡೆ, ಹಸಿದ ಮಗುವಿಗೆ ಸಲ್ಲುವ ಪೊಟ್ಟಣ ಇನ್ನೊಂದು ಕಡೆ ಇರಲಿ. ಎರಡರ ಬೀಗದ ಕೈಯೂ ರಾತ್ರಿ ಕೂಗಿದರೆ ಓಗೊಡುವವನ ಬಳಿ ಇರಲಿ.