ಲಾಭವೆಂದುಕೊಂಡದ್ದನ್ನು ಬಿಡುವುದು

ಹೊಸ ವರ್ಷದ ಹಿಂದಿನ ರಾತ್ರಿಯ ಆರಾಧನೆಗೆ ಪಾಸ್ಟರುಗಳು ಮತ್ತೆ ಮತ್ತೆ ಆರಿಸಿಕೊಳ್ಳುವ ಮಾತೊಂದು ಫಿಲಿಪ್ಪಿಯವರಿಗೆ ಪೌಲನು ಬರೆದ ಪತ್ರದಲ್ಲಿದೆ. 3ನೇ ಅಧ್ಯಾಯದ 13 ಮತ್ತು 14ನೇ ವಚನ. ಹಿಂದಿನದನ್ನು ಮರೆತು, ಮುಂದಿರುವುದರತ್ತ ಮೈಚಾಚಿ, ದೇವರು ಕರೆದ ಗುರಿಯತ್ತ ಓಡುತ್ತಿದ್ದೇನೆ ಎಂಬುದು ಅದರ ಸಾರ. ಕೇಳಿದವರು ತಮ್ಮ ತಪ್ಪುಗಳನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಾರೆ. ಕುಡಿತ, ಜೂಜು, ಮನೆಯಲ್ಲಿ ಮಾಡಿದ ಜಗಳ, ಎಲ್ಲ ಹೋಯಿತು, ಇನ್ನು ಹೊಸದು ಎಂದು ಹಗುರಾಗುತ್ತಾರೆ.

ಆ ಸಮಾಧಾನ ಸುಳ್ಳಲ್ಲ. ಆದರೆ ಅದೇ ಅಧ್ಯಾಯವನ್ನು ಮೊದಲಿನಿಂದ ಓದಿದರೆ ಪೌಲನು ಬಿಟ್ಟದ್ದು ಬೇರೆಯೇ ಎಂದು ಗೊತ್ತಾಗುತ್ತದೆ. ಎಂಟನೆಯ ದಿನದ ಸುನ್ನತಿ, ಇಸ್ರಾಯೇಲ್ ವಂಶ, ಬೆನ್ಯಾಮೀನನ ಕುಲ, ಫರಿಸಾಯರ ಕಟ್ಟುನಿಟ್ಟು, ಧರ್ಮಶಾಸ್ತ್ರದಲ್ಲಿ ಯಾರೂ ಬೆರಳು ತೋರದ ನಡತೆ. ಪಟ್ಟಿಯಲ್ಲಿ ಹೆಚ್ಚಿನವು ಹೆಮ್ಮೆಯ ಸಂಗತಿಗಳು. ಸಭೆಯನ್ನು ಹಿಂಸಿಸಿದ್ದನ್ನೂ ಅವನು ಅಂದಿನ ತನ್ನ ಧರ್ಮಶ್ರದ್ಧೆಯ ಲೆಕ್ಕದಲ್ಲೇ ಸೇರಿಸುತ್ತಾನೆ. ಲಾಭವೆಂದುಕೊಂಡಿದ್ದ ಇವೆಲ್ಲವನ್ನೂ ಕ್ರಿಸ್ತನಿಗಾಗಿ ಕಸವೆಂದು ಎಣಿಸಿದೆ ಎನ್ನುತ್ತಾನೆ. ಪಾಪ ಬಿಡುವುದು ಕಷ್ಟ, ನಿಜ. ಹುಟ್ಟಿನ ಹಿರಿಮೆ ಬಿಡುವುದು ಅದಕ್ಕಿಂತ ಕಷ್ಟ.

ಹೀಗೆ ಬಿಟ್ಟದ್ದು ಏನಾಗುತ್ತದೆ? ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ, ಕುಡತಿನಿಯ ಬಳಿ, ಒಂದು ಬೂದಿದಿಬ್ಬವಿದೆ. ಈ ಸೀಮೆಯ ಬೂದಿದಿಬ್ಬಗಳನ್ನು ಜನ ಪುರಾಣದವರ ಚಿತಾಭಸ್ಮ ಎಂದು ನಂಬಿದ್ದರು. ಹಂಪಿಯ ಹತ್ತಿರದ ನಿಂಬಾಪುರದ್ದನ್ನು ಈಗಲೂ ವಾಲಿಯದು ಎನ್ನುತ್ತಾರೆ. ಈ ದಿಬ್ಬಗಳದ್ದು ಸಗಣಿಯ ಬೂದಿ ಎಂದು 19ನೇ ಶತಮಾನದಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೇಳಿದರು. ನವಶಿಲಾಯುಗದ ದನಗಾಹಿಗಳು ತಮ್ಮ ದೊಡ್ಡಿಗಳಲ್ಲಿ ಕೂಡಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಇಟ್ಟಿದ್ದರೆಂದು ಪುರಾತತ್ವಜ್ಞ ಆಲ್ಚಿನ್ 1963ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಇಂಥ ದಿಬ್ಬಗಳಲ್ಲಿ ಬೂದಿ ಪದರ ಪದರವಾಗಿ ಕೂತಿರುತ್ತದೆ. ಉರಿ ಜೋರಾದ ಕಡೆ ಕರಗಿ, ಗಾಜಿನಂಥ ಕಿಟ್ಟದ ಉಂಡೆಯಾಗಿರುತ್ತದೆ. ಪೌಲನ ಮರೆವು ನನಗೆ ಹೀಗೆಯೇ ಕಾಣುತ್ತದೆ. ಸುಟ್ಟದ್ದು ಇಲ್ಲವಾಗುವುದಿಲ್ಲ, ಎಲ್ಲರ ಕಣ್ಣೆದುರೇ ಇರುತ್ತದೆ. ಅದರ ಮೇಲೆ ಮನೆ ಕಟ್ಟಿ ಕೂರುವುದಿಲ್ಲ, ಅಷ್ಟೇ. ತಾನು ಸಭೆಯನ್ನು ಹಿಂಸಿಸಿದವನೆಂಬುದನ್ನು ಪೌಲನು ಬೇರೆ ಪತ್ರಗಳಲ್ಲೂ ಮುಚ್ಚಿಡಲಿಲ್ಲ.

ಪೌಲನ ಈ ಪತ್ರವೂ ಸೇರಿದಂತೆ ಇಡೀ ಬೈಬಲ್ ಕನ್ನಡಕ್ಕೆ ಬಂದದ್ದು ಇದೇ ಬಳ್ಳಾರಿಯಲ್ಲಿ. 1810ರಲ್ಲಿ ಇಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಆ ಕೆಲಸಕ್ಕೆ ವರ್ಷಗಟ್ಟಲೆ ದುಡಿದರು. ಅವರ ಜೊತೆಗಾರರಲ್ಲಿ ನನಗೆ ಹೆಚ್ಚು ಹತ್ತಿರವೆನಿಸುವವರು ಸ್ಯಾಮ್ಯುಯೆಲ್ ಫ್ಲಾವೆಲ್. 1787ರಲ್ಲಿ ಕೊಲ್ಲಂನ ಹಿಂದೂ ಮನೆಯಲ್ಲಿ ಶಂಕರಲಿಂಗಂ ಆಗಿ ಹುಟ್ಟಿದವರು. 1827ರಲ್ಲಿ ಬಳ್ಳಾರಿಗೆ ಬಂದು, 1847ರಲ್ಲಿ ತೀರಿಕೊಳ್ಳುವವರೆಗೂ ಇಲ್ಲಿಯ ಸಭೆಯನ್ನು ನೋಡಿಕೊಂಡರು. ಕ್ರಿಸ್ತನನ್ನು ನಂಬಿದ ಮೇಲೂ ದಶಕಗಟ್ಟಲೆ ದಿನದಿನದ ದುಡಿಮೆಯಿತ್ತು. ಹೆಸರು ಬದಲಿಸಿದ್ದು ಅವರ ಕಥೆಯಲ್ಲಿ ಬರೀ ಮೊದಲ ಪುಟ.

ನಮ್ಮಲ್ಲಿ ಹಲವರ ಕಥೆ ಆ ಪುಟಕ್ಕೇ ನಿಂತುಬಿಡುತ್ತದೆ. ಸಾಕ್ಷಿ ಹೇಳಲು ಎದ್ದವರು ದೀಕ್ಷಾಸ್ನಾನದ ದಿನಕ್ಕೆ ಬಂದು ನಿಲ್ಲಿಸುತ್ತಾರೆ. ಹತ್ತು ವರ್ಷದ ಹಿಂದೆಯೂ ಅದೇ ಸಾಕ್ಷಿ, ಇವತ್ತೂ ಅದೇ. ರಕ್ಷಣೆ ಹೊಂದಿದ ದಿನವೂ ಒಂದು ಗತಕಾಲವಾಗಬಹುದು, ನಮ್ಮನ್ನು ಅಲ್ಲೇ ಹಿಡಿದು ಕೂರಿಸಬಹುದು. ದಮಸ್ಕದ ದಾರಿಯಲ್ಲಿ ಕ್ರಿಸ್ತನ ದರ್ಶನವಾಗಿ ಮೂವತ್ತು ವರ್ಷದ ಹತ್ತಿರ ಬಂದಿದ್ದರೂ, ಸೆರೆಮನೆಯಿಂದ ಬರೆಯುತ್ತಿದ್ದ ಪೌಲನು ತಾನಿನ್ನೂ ಮುಟ್ಟಿಲ್ಲ ಎನ್ನುತ್ತಾನೆ.

ಈ ವಚನದ ಇನ್ನೊಂದು ತಪ್ಪು ಬಳಕೆಯನ್ನೂ ಹೇಳಲೇಬೇಕು. ಗಂಡ ಕುಡಿದು ಮಾಡಿದ ಸಾಲವನ್ನು ಹೆಂಡತಿ ಸ್ತ್ರೀಶಕ್ತಿ ಸಂಘದ ಪಾಸ್‌ಬುಕ್ಕಿನಲ್ಲಿ ವಾರವಾರ ತೀರಿಸುತ್ತಿರುತ್ತಾಳೆ. ಅವನು ‘ಕರ್ತನು ಕ್ಷಮಿಸಿಬಿಟ್ಟ, ಹಳೆಯದೇಕೆ ಎತ್ತುತ್ತೀ’ ಎಂದು ಅವಳ ಬಾಯಿ ಮುಚ್ಚಿಸುತ್ತಾನೆ. ಇದು ಪೌಲನ ಮಾತಲ್ಲ. ಯೇಸು ಮನೆಗೆ ಬಂದ ದಿನ ಸುಂಕದವನಾದ ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂತಿರುಗಿಸುತ್ತೇನೆ ಎಂದ. ಬಾಕಿ ತೀರಿಸುವುದೂ ಮುಂದಕ್ಕೆ ಓಡುವುದರಲ್ಲಿ ಸೇರಿದೆ.

ಹಾಗೆಯೇ, ಕ್ರೈಸ್ತರಾದ ಮೇಲೂ ಮದುವೆಯ ಮಾತಿಗೆ ಕೂತಾಗ ‘ನೀವು ಮೊದಲು ಯಾರು?’ ಎಂಬ ಪ್ರಶ್ನೆ ಬರುತ್ತದೆ. 1950ರ ಪರಿಶಿಷ್ಟ ಜಾತಿಗಳ ಆದೇಶದಂತೆ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನ ಇಲ್ಲ. ಜಾತಿಯ ಗಾಯ ಮಾತ್ರ ಅವನ ಬೆನ್ನು ಬಿಟ್ಟಿರುವುದಿಲ್ಲ. ಅವನಿಗೆ ‘ಹಿಂದಿನದು ಮರೆ’ ಎನ್ನುವ ಹಕ್ಕು ಮೇಲ್ಜಾತಿಯಿಂದ ಬಂದ ವಿಶ್ವಾಸಿಗಿಲ್ಲ. ಮೊದಲು ಬಿಡಬೇಕಾದವನು ಲಾಭ ಉಂಡವನು. ಪಟ್ಟಿ ಕೊಟ್ಟು ಬಿಟ್ಟ ಪೌಲನೂ ಅಂಥವನೇ.

ಮುಂದಿನ ಭಾನುವಾರ ಸಾಕ್ಷಿ ಹೇಳಲು ಎದ್ದರೆ, ದಯವಿಟ್ಟು ದೀಕ್ಷಾಸ್ನಾನದ ದಿನಕ್ಕೆ ನಿಲ್ಲಿಸಬೇಡಿ. ಈ ವಾರ ಯಾವ ಹೆಮ್ಮೆ ಬಿಟ್ಟಿರಿ, ಯಾರ ಬಾಕಿ ತೀರಿಸಿದಿರಿ, ಅದನ್ನು ಹೇಳಿ.